ಸ್ಕ್ರಿಪ್ಟ್ ಚೆನ್ನಾಗಿತ್ತು, ನಂಬರೇ ಇರಲಿಲ್ಲ!

ಎರಡು ವರ್ಷದ ಹಿಂದಿನ ಮಾತು. ಬೆಂಗಳೂರಿನಲ್ಲಿ ಚಿತ್ರೋತ್ಸವ ನಡೆಯುತ್ತಿತ್ತು. ಆಫೀಸಿಗೆ ರಜೆ ಹಾಕಿ ಬೆಳಗ್ಗೆ ಒಂಬತ್ತಕ್ಕೇ ಹೋಗಿ ಕ್ಯೂನಲ್ಲಿ ನಿಂತಿದ್ದೆ. ನನ್ನ ಹಿಂದೆ ನಿಂತಿದ್ದವರು ಒಬ್ಬ ಸಹ ನಿರ್ದೇಶಕರು. ಕ್ಯೂ ಮುಂದೆ ಹೋಗದಿದ್ದಾಗ ಪರಿಚಯ ಇಲ್ಲದವರ ಜೊತೆಗೂ ಮಾತು ಬೆಳೆಯುತ್ತದೆ. ನಾನೂ ಒಂದು ಸ್ಕ್ರಿಪ್ಟ್ ಬರೆದಿದ್ದೇನೆ, ತಿಪಟೂರಿನ ಕೊಬ್ಬರಿ ಮಂಡಿಯ ಗುಮಾಸ್ತನೊಬ್ಬನ ಕಥೆ ಅಂದೆ.

ಅವರು ಕೈಯಲ್ಲಿದ್ದ ಕಾಫಿ ಲೋಟವನ್ನು ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದರು. “ಮಗಳ ಮದುವೆ ಹಿಂದಿನ ದಿನ ತೂಕದಲ್ಲಿ ಅರ್ಧ ಕೆಜಿ ಸುಳ್ಳು ಹೇಳ್ತಾನಲ್ಲ, ಆ ಕಥೆನಾ?”

“ಹೌದು. ನಿಮಗೆ ಹೇಗೆ ಗೊತ್ತು?”

“ಅಯ್ಯೋ ಮೇಡಂ, ನೀವೇನಾ ಅದು! ನಮ್ಮ ಡೈರೆಕ್ಟರ್ ಎರಡು ಸಲ ಓದಿದ್ರು. ಬರೆದವರನ್ನ ಹುಡುಕು ಅಂತ ನನಗೆ ಹೇಳಿದ್ರು. ಎಲ್ಲಿ ಅಂತ ಹುಡುಕ್ಲಿ? ಹೆಸರು ಬಿಟ್ಟು ಇನ್ನೇನೂ ಇರ್ಲಿಲ್ಲ. ಮೊದಲ ಪುಟದಲ್ಲಿ ಒಂದು ಫೋನ್ ನಂಬರ್ ಇದ್ದಿದ್ರೆ ಸಾಕಿತ್ತು.”

ಈಗಲೂ ಆಗಬಹುದಾ ಅಂತ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಹೇಳಿದರು: “ಈಗ ಬೇರೆ ಸಿನಿಮಾ ಶುರು ಆಗಿಬಿಟ್ಟಿದೆ ಮೇಡಂ.” ಆವತ್ತು ಒಳಗೆ ಹೋಗಿ ಯಾವ ಸಿನಿಮಾ ನೋಡಿದೆನೋ ನನಗೆ ಇವತ್ತಿಗೂ ನೆನಪಿಲ್ಲ.

ಆ ಮೊದಲ ಪುಟದ ಕಥೆ

ನಾನು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ಬೇರೆಯವರು ಬರೆದಿದ್ದರಲ್ಲಿ ಏನು ಬಿಟ್ಟುಹೋಗಿದೆ ಅಂತ ಹುಡುಕುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಆದರೆ ಎರಡು ವರ್ಷ ರಾತ್ರಿ ಹೊತ್ತು ಕೂತು ಬರೆದ ನನ್ನದೇ ಸ್ಕ್ರಿಪ್ಟಿನಲ್ಲಿ ಏನು ಬಿಟ್ಟುಹೋಗಿದೆ ಅಂತ ನನಗೆ ಕಾಣಲಿಲ್ಲ.

ಬರೆದು ಮುಗಿದ ದಿನ ವಿಜಯನಗರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಎರಡು ಪ್ರತಿ ಪ್ರಿಂಟ್ ತೆಗೆಸಿ ಸ್ಪೈರಲ್ ಬೈಂಡಿಂಗ್ ಮಾಡಿಸಿದ್ದೆ. ಮೊದಲ ಪುಟದ ಮಧ್ಯದಲ್ಲಿ ಸ್ಕ್ರಿಪ್ಟಿನ ಹೆಸರು, ಅದರ ಕೆಳಗೆ ‘ಕಥೆ–ಚಿತ್ರಕಥೆ–ಸಂಭಾಷಣೆ’, ಅದರ ಕೆಳಗೆ ನನ್ನ ಹೆಸರು. ಅದೂ ಇನಿಷಿಯಲ್ ಇಲ್ಲದೆ. ನನ್ನ ಹೆಸರಿನವರು ನಮ್ಮ ಕ್ಲಾಸಿನಲ್ಲೇ ಮೂರು ಜನ ಇದ್ದರು ಅಂದರೆ ರಾಜ್ಯದಲ್ಲಿ ಎಷ್ಟು ಜನ ಇರಬಹುದು ಅಂತ ನೀವೇ ಲೆಕ್ಕ ಹಾಕಿ.

ನಿಜ ಹೇಳಬೇಕೆಂದರೆ, ಮೊದಲು ನಂಬರ್ ಹಾಕಿದ್ದೆ. ಪ್ರಿಂಟ್ ತೆಗೆಸುವ ಹಿಂದಿನ ರಾತ್ರಿ ಫೋನಿನಲ್ಲಿ ಅಮ್ಮನಿಗೆ ಹೇಳಿದಾಗ ಅಮ್ಮ ಗಾಬರಿಯಾದರು. “ಸಿನಿಮಾದವರ ಕೈಗೆ ನಂಬರ್ ಕೊಡ್ತೀಯಾ? ಯಾರ್ಯಾರ ಕೈಗೆ ಹೋಗುತ್ತೋ ಏನೋ. ರಾತ್ರಿ ಹೊತ್ತು ಯಾರಾದ್ರೂ ಫೋನ್ ಮಾಡಿದ್ರೆ ಏನ್ ಮಾಡ್ತೀಯಾ?” ಅಮ್ಮನ ಭಯ ಸುಳ್ಳಲ್ಲ. ನನಗೂ ಒಳಗೊಳಗೇ ಇದ್ದದ್ದು ಅದೇ ಭಯ. ಆ ಸಾಲು ಅಳಿಸಿಬಿಟ್ಟೆ. ಹೇಗಿದ್ದರೂ ಸ್ಕ್ರಿಪ್ಟ್ ತೆಗೆದುಕೊಂಡು ಹೋಗುವ ಗೆಳೆಯನ ಹತ್ತಿರ ನನ್ನ ನಂಬರ್ ಇದೆಯಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಆ ಗೆಳೆಯ ಸೌಂಡ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ. ಅವನು ಅದನ್ನು ಒಂದು ಆಫೀಸಿಗೆ ತಲುಪಿಸಿದ. ಆಮೇಲೆ ಕೆಲಸ ಸಿಕ್ಕಿ ಹೈದರಾಬಾದಿಗೆ ಹೋದ, ನಂಬರ್ ಬದಲಾಯಿಸಿದ. ಸ್ಕ್ರಿಪ್ಟ್ ಎಂಟು ತಿಂಗಳು ಟೇಬಲ್ ಮೇಲಿನ ರಾಶಿಯಲ್ಲಿ ಕೂತಿತ್ತು. ಯಾರೋ ಪುಣ್ಯಾತ್ಮರು ಅದನ್ನು ತೆಗೆದು ಓದುವ ಹೊತ್ತಿಗೆ ಅದನ್ನು ತಂದುಕೊಟ್ಟವರು ಯಾರು ಅನ್ನುವುದೇ ಆಫೀಸಿನಲ್ಲಿ ಯಾರಿಗೂ ನೆನಪಿರಲಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ಇದ್ದರೆ ನನ್ನದೇ.

ಅಪ್ಪ ಹೇಳಿದ ಚೀಲದ ಮಾತು

ಊರಿಗೆ ಹೋದಾಗ ಇದನ್ನೆಲ್ಲ ಅಪ್ಪನ ಹತ್ತಿರ ಹೇಳಿಕೊಂಡೆ. ಅಪ್ಪ ಮೂವತ್ತು ವರ್ಷ ಮಂಡಿಯಲ್ಲಿ ಲೆಕ್ಕ ಬರೆದವರು. ನನ್ನ ಕಥೆಯ ಗುಮಾಸ್ತ ಅರ್ಧ ಅಪ್ಪನೇ. (ಸುಳ್ಳು ಹೇಳುವ ಅರ್ಧ ಮಾತ್ರ ನಾನು ಸೇರಿಸಿದ್ದು, ಅದನ್ನು ಅಪ್ಪನಿಗೆ ಹತ್ತು ಸಲ ಹೇಳಿದ್ದೇನೆ.)

ಎಲ್ಲ ಕೇಳಿ ಅಪ್ಪ ಒಂದೇ ಮಾತು ಕೇಳಿದರು. “ಅಲ್ಲಮ್ಮಾ, ಚೀಲದ ಮೇಲೆ ಮಾರ್ಕೇ ಹಾಕದೆ ಮಂಡಿಗೆ ಕಳಿಸಿದ್ಯಾ?”

ಕೊಬ್ಬರಿ ಚೀಲಗಳ ಮೇಲೆ ಬಣ್ಣದಲ್ಲಿ ಗುರುತು ಹಾಕಿರುತ್ತಾರೆ. ಲಾರಿಯಿಂದ ಇಳಿಸುವವರು ಒಬ್ಬರು, ತೂಕ ಹಾಕುವವರು ಇನ್ನೊಬ್ಬರು, ಕೊಳ್ಳುವವರು ಮತ್ತೊಬ್ಬರು. ಚೀಲ ಯಾರದು ಅಂತ ಹೇಳಲು ಮಾಲೀಕ ಪ್ರತಿ ಕಡೆಯೂ ನಿಂತಿರಲು ಆಗುವುದಿಲ್ಲ. ಅವನ ಬದಲು ಆ ಗುರುತೇ ಮಾತಾಡಬೇಕು. “ಗುರುತಿಲ್ಲದ ಚೀಲದಲ್ಲಿ ಎಷ್ಟೇ ಒಳ್ಳೆ ಕೊಬ್ಬರಿ ಇರ್ಲಿ, ದುಡ್ಡು ಯಾರಿಗೆ ಕೊಡೋದು?” ಅಂದರು ಅಪ್ಪ.

ಸಿನಿಮಾದಲ್ಲೂ ನಡೆಯುವುದು ಇಷ್ಟೇ. ನಮ್ಮಲ್ಲಿ ಕಥೆಯನ್ನು ಎದುರು ಕೂತು ಹೇಳುವ ರೂಢಿ ಹೆಚ್ಚು. ‘ನರೇಷನ್’ ಕೊಟ್ಟು ಬಂದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ನಾವು ಎದ್ದು ಬಂದ ಮೇಲೆ ಅಲ್ಲಿ ಉಳಿಯುವುದು ಕಾಗದ ಅಥವಾ ಪಿಡಿಎಫ್ ಮಾತ್ರ. ಅದು ಸಹಾಯಕರಿಂದ ನಿರ್ದೇಶಕರಿಗೆ, ಅವರಿಂದ ನಿರ್ಮಾಪಕರಿಗೆ, ಅವರಿಂದ ನಟರಿಗೆ ವಾಟ್ಸಾಪ್‌ನಲ್ಲಿ ಹೋಗುತ್ತದೆ. ನೀವು ಕಳಿಸಿದ ಮೇಲ್ ಹೋಗುವುದಿಲ್ಲ, ‘ನಮಸ್ತೆ ಸರ್’ ಅಂತ ಬರೆದ ಮೆಸೇಜ್ ಹೋಗುವುದಿಲ್ಲ, ಪರಿಚಯಿಸಿದ ಗೆಳೆಯನೂ ಹೋಗುವುದಿಲ್ಲ. ಜೊತೆಗೆ ಹೋಗುವುದು ಮೊದಲ ಪುಟ ಒಂದೇ.

ಮೊದಲ ಪುಟದಲ್ಲಿ ಏನಿರಬೇಕು?

ಆ ಘಟನೆ ಆದಮೇಲೆ ನಾನು ಟೈಟಲ್ ಪೇಜ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ, ಸಿಕ್ಕವರನ್ನೆಲ್ಲ ಕೇಳಿದೆ. ಹಾಲಿವುಡ್‌ನಲ್ಲಿ ಇದಕ್ಕೊಂದು ಪದ್ಧತಿಯೇ ಇದೆ. ಇಡೀ ಸ್ಕ್ರಿಪ್ಟ್ ಕೊರಿಯರ್ ಅನ್ನುವ ಟೈಪ್‌ರೈಟರ್ ಮಾದರಿಯ ಅಕ್ಷರದಲ್ಲಿ, 12 ಪಾಯಿಂಟ್ ಗಾತ್ರದಲ್ಲಿರುತ್ತದೆ. ಹಾಗಿದ್ದರೆ ಒಂದು ಪುಟಕ್ಕೆ ಸುಮಾರು ಒಂದು ನಿಮಿಷದ ಸಿನಿಮಾ ಅನ್ನುವುದು ಅವರ ಅಂದಾಜು. ಮೊದಲ ಪುಟದ ನಡುವೆ ಶೀರ್ಷಿಕೆ, ಅದರ ಕೆಳಗೆ ಬರೆದವರ ಹೆಸರು, ಪುಟದ ಕೆಳಗೆ ಮೂಲೆಯಲ್ಲಿ, ಸಾಮಾನ್ಯವಾಗಿ ಎಡಗಡೆ, ಸಂಪರ್ಕ ವಿವರ. ಏಜೆಂಟ್ ಇದ್ದರೆ ಅವರ ವಿವರ, ಇಲ್ಲದಿದ್ದರೆ ಬರೆದವರದೇ. ಈ ಪುಟಕ್ಕೆ ಪುಟಸಂಖ್ಯೆ ಹಾಕುವುದಿಲ್ಲ, ಚಿತ್ರ, ಬಣ್ಣ ಏನೂ ಇರುವುದಿಲ್ಲ. ಸಾದಾ ಫೈಲಿನಲ್ಲೇ ಸ್ಕ್ರಿಪ್ಟ್ ಬರೆಯಲು ಬಳಸುವ ‘ಫೌಂಟನ್’ ಅನ್ನುವ ಪದ್ಧತಿಯಲ್ಲಂತೂ ಶೀರ್ಷಿಕೆ, ಲೇಖಕರು ಅನ್ನುವಂತೆ ಸಂಪರ್ಕಕ್ಕೂ ಒಂದು ಪ್ರತ್ಯೇಕ ಸಾಲು ಇದೆ. ಅದನ್ನು ತುಂಬಿದರೆ ವಿವರ ತಾನಾಗಿ ಪುಟದ ಕೆಳಗೆ ಹೋಗಿ ಕೂರುತ್ತದೆ.

ಕನ್ನಡದ ಸ್ಕ್ರಿಪ್ಟಿಗೆ ಕೊರಿಯರ್ ಅಕ್ಷರ ಬೇಕಿಲ್ಲ. ಉಳಿದದ್ದನ್ನು ಹಾಗೇ ತೆಗೆದುಕೊಳ್ಳಬಹುದು. ನಾನೀಗ ಹಾಕುವುದು ಇಷ್ಟು:

1. ಸ್ಕ್ರಿಪ್ಟಿನ ಹೆಸರು. ಕಾದಂಬರಿ ಅಥವಾ ಸಣ್ಣಕಥೆಯಿಂದ ತೆಗೆದುಕೊಂಡಿದ್ದರೆ ಮೂಲ ಯಾರದು ಅನ್ನುವುದೂ ಇಲ್ಲೇ ಬರಬೇಕು.

2. ಇನಿಷಿಯಲ್ ಸಮೇತ ಪೂರ್ತಿ ಹೆಸರು. ಇಬ್ಬರು ಸೇರಿ ಬರೆದಿದ್ದರೆ ಇಬ್ಬರದೂ.

3. ಫೋನ್ ನಂಬರ್, ಮುಂದೆ ದೇಶದ ಕೋಡ್ ಸೇರಿಸಿ. ಸ್ಕ್ರಿಪ್ಟ್ ದುಬೈನಲ್ಲಿರುವ ಕನ್ನಡಿಗ ನಿರ್ಮಾಪಕರ ಕೈಗೂ ಹೋಗಬಹುದು, ಹೇಳಲಾಗುವುದಿಲ್ಲ.

4. ಇಮೇಲ್ ವಿಳಾಸ. ಕಾಲೇಜಿನಲ್ಲಿ ತಮಾಷೆಗೆ ಮಾಡಿಕೊಂಡ ವಿಳಾಸ ಬೇಡ. ನಿಮ್ಮ ಹೆಸರಿರುವ, ಫೋನಿನಲ್ಲಿ ಹೇಳಿದರೆ ಬರೆದುಕೊಳ್ಳಲು ಸುಲಭವಾಗುವ ವಿಳಾಸ ಇರಲಿ.

5. ಊರಿನ ಹೆಸರು. ‘ಬೆಂಗಳೂರು’ ಅಂದರೆ ಸಾಕು.

ಇದರ ಜೊತೆಗೆ ಪ್ರತಿ ಪುಟದ ತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಸ್ಕ್ರಿಪ್ಟಿನ ಹೆಸರು ಮತ್ತು ನನ್ನ ಹೆಸರು, ಕೊನೆಯ ಪುಟದಲ್ಲಿ ಇನ್ನೊಮ್ಮೆ ನಂಬರ್ ಹಾಕುತ್ತೇನೆ. ಯಾಕೆಂದರೆ ಸ್ಪೈರಲ್ ಬೈಂಡಿಂಗ್‌ನಲ್ಲಿ ಮೊದಲು ಕಿತ್ತುಹೋಗುವುದು ಮೊದಲ ಪುಟವೇ!

ಏನು ಬೇಡ?

ಮನೆಯ ಪೂರ್ತಿ ವಿಳಾಸ ಬೇಡ. ಆಧಾರ್, ಪ್ಯಾನ್ ನಂಬರ್ ಅಂತೂ ಬೇಡವೇ ಬೇಡ. ಅವೆಲ್ಲ ಒಪ್ಪಂದಕ್ಕೆ ಸಹಿ ಹಾಕುವಾಗಿನ ಮಾತು. ಫೋಟೋ ಬೇಡ. ‘ಕದ್ದರೆ ಕಾನೂನು ಕ್ರಮ’ ಅಂತ ಕೆಂಪಕ್ಷರದ ಎಚ್ಚರಿಕೆಯೂ ಬೇಡ. ಓದಲು ಕೂತವರನ್ನು ಬಾಗಿಲಲ್ಲೇ ಕಳ್ಳ ಅಂತ ಕರೆದ ಹಾಗಾಗುತ್ತದೆ. ‘ಏಳನೇ ಡ್ರಾಫ್ಟ್’ ಅಂತ ಬರೆಯುವುದೂ ಬೇಡ. ಯಾರೂ ಕೊಳ್ಳದೆ ಹಳೆಯದಾದ ಸರಕು ಅನ್ನುವ ಭಾವನೆ ಬರುತ್ತದೆ.

ಇನ್ನೊಂದು ಮಾತು, ನಮ್ಮಂಥ ಕೆಲಸದಲ್ಲಿರುವವರಿಗೆ. ಆಫೀಸಿನ ಇಮೇಲ್ ಕೊಡಲೇಬೇಡಿ. ಮೊದಲನೆಯದಾಗಿ, ಕೆಲಸ ಬಿಟ್ಟ ದಿನ ಆ ವಿಳಾಸ ಸತ್ತುಹೋಗುತ್ತದೆ. ಸ್ಕ್ರಿಪ್ಟಿಗೆ ಉತ್ತರ ಒಂದು ವರ್ಷ ಬಿಟ್ಟೂ ಬರಬಹುದು. ಎರಡನೆಯದಾಗಿ, ನಮ್ಮ ಕಾಪಿರೈಟ್ ಕಾಯ್ದೆಯ ಪ್ರಕಾರ ಉದ್ಯೋಗದ ಭಾಗವಾಗಿ ಮಾಡಿದ ಕೃತಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಮಾಲೀಕರು ಕಂಪನಿಯವರು. ನಿಮ್ಮ ಸಿನಿಮಾ ಕಥೆ ಆಫೀಸಿನ ಕೆಲಸವಲ್ಲ ಅನ್ನುವುದು ನಿಜ. ಆದರೆ ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಬರೆದು ಆಫೀಸ್ ಮೇಲ್ ಕೊಟ್ಟು ಸುಮ್ಮನೆ ಗೊಂದಲಕ್ಕೆ ಯಾಕೆ ದಾರಿ ಮಾಡಿಕೊಡಬೇಕು? ಸೇರುವಾಗ ಸಹಿ ಹಾಕಿದ ಪತ್ರದಲ್ಲಿ ಈ ಬಗ್ಗೆ ಏನಿದೆ ಅಂತ ಒಮ್ಮೆ ಓದಿ. ನಾನಂತೂ ಸಹಿ ಹಾಕಿ ಐದು ವರ್ಷ ಆದಮೇಲೆ ಓದಿದೆ!

ಅಮ್ಮನ ಪ್ರಶ್ನೆಗೆ ಉತ್ತರ

ಹೆಣ್ಣುಮಕ್ಕಳಿಗೆ ನಂಬರ್ ಕೊಡುವುದು ಅಷ್ಟು ಸುಲಭದ ಮಾತಲ್ಲ. ‘ಧೈರ್ಯ ಮಾಡಿ ಹಾಕಿ’ ಅಂತ ಹೇಳಿ ಸುಮ್ಮನಾಗಲು ನನಗೆ ಇಷ್ಟವಿಲ್ಲ. ನಾನು ಕಂಡುಕೊಂಡ ದಾರಿ ಎರಡನೇ ಸಿಮ್. ಈಗಿನ ಫೋನ್‌ಗಳಲ್ಲಿ ಎರಡು ಸಿಮ್ ನಡೆಯುತ್ತದೆ. ಒಂದು ನಂಬರನ್ನು ಬರವಣಿಗೆಗೇ ಅಂತ ಇಟ್ಟುಕೊಂಡಿದ್ದೇನೆ. ಅದು ಬ್ಯಾಂಕಿಗೆ, ಯುಪಿಐಗೆ, ಮನೆಯವರಿಗೆ ಜೋಡಣೆಯಾಗಿಲ್ಲ. ಆ ನಂಬರಿನ ವಾಟ್ಸಾಪ್‌ನಲ್ಲಿ ನನ್ನ ಫೋಟೋ ಇಲ್ಲ. ರಾತ್ರಿ ಎಂಟರ ಮೇಲೆ ಆ ಸಿಮ್ ಸೈಲೆಂಟ್. ನಿಜವಾದ ಕೆಲಸ ಇರುವವರು ಬೆಳಗ್ಗೆ ಮತ್ತೆ ಮಾಡುತ್ತಾರೆ.

ಅದೂ ಬೇಡ ಅನಿಸಿದರೆ ಇಮೇಲ್ ಒಂದೇ ಹಾಕಿ. ಆದರೆ ಅದನ್ನು ದಿನಾ ನೋಡಬೇಕು, ಸ್ಪ್ಯಾಮ್ ಪೆಟ್ಟಿಗೆಯನ್ನೂ ಸೇರಿಸಿ. ಏನೂ ಹಾಕದೇ ಇರುವುದು ಮಾತ್ರ ದಾರಿಯಲ್ಲ. ಹಾಗೇ, ಸಿಮ್ ತೆಗೆದುಕೊಂಡ ಮೇಲೆ ಅದನ್ನು ಜೀವಂತ ಇಟ್ಟುಕೊಳ್ಳಿ. ಬಹಳ ದಿನ ರೀಚಾರ್ಜ್ ಮಾಡದೆ ಬಿಟ್ಟರೆ ನಂಬರ್ ನಿಂತುಹೋಗಿ ಮುಂದೆ ಬೇರೆಯವರ ಪಾಲಾಗುತ್ತದೆ. ಆಮೇಲೆ ನಿಮ್ಮ ನಿರ್ಮಾಪಕರು ಯಾವುದೋ ಊರಿನ ಹಾರ್ಡ್‌ವೇರ್ ಅಂಗಡಿಯವರ ಹತ್ತಿರ ಕ್ಲೈಮ್ಯಾಕ್ಸ್ ಬಗ್ಗೆ ಮಾತಾಡಬೇಕಾಗುತ್ತದೆ. ಕಂಪನಿ ಇಷ್ಟವಾಗದಿದ್ದರೆ ಪೋರ್ಟ್ ಮಾಡಿಸಿ, ನಂಬರ್ ಮಾತ್ರ ಬಿಡಬೇಡಿ.

ಅಕ್ಷರ ಕೆಟ್ಟರೆ ಹೆಸರೂ ಕೆಡುತ್ತದೆ

ಕನ್ನಡದಲ್ಲಿ ಬರೆಯುವವರಿಗೆ ಇರುವ ಒಂದು ತೊಂದರೆ ಇದು. ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ, ಅಂದರೆ ಯೂನಿಕೋಡ್ ಅಲ್ಲದ ಅಕ್ಷರದಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನು ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚಿತ್ರಾನ್ನ ಕಾಣಿಸುತ್ತದೆ. ಆಗ ಕಥೆಯ ಜೊತೆ ನಿಮ್ಮ ಹೆಸರೂ ಹೋಯಿತು. ಯೂನಿಕೋಡ್‌ನಲ್ಲೇ ಬರೆಯಿರಿ, ಪಿಡಿಎಫ್ ಮಾಡಿಯೇ ಕಳಿಸಿ, ಕಳಿಸುವ ಮುಂಚೆ ಇನ್ನೊಬ್ಬರ ಫೋನಿನಲ್ಲಿ ತೆರೆದು ನೋಡಿ. ಹೆಸರು ಮತ್ತು ಸಂಪರ್ಕದ ಸಾಲನ್ನು ನಾನು ಇಂಗ್ಲಿಷಿನಲ್ಲೂ ಒಮ್ಮೆ ಹಾಕುತ್ತೇನೆ. ಕನ್ನಡ ಓದಲು ಬಾರದ ಕ್ಯಾಮೆರಾಮನ್ ಕೈಗೆ ಸಿಕ್ಕರೂ ಫೋನ್ ಮಾಡಲು ಆಗಬೇಕಲ್ಲ.

ಫೈಲಿನ ಹೆಸರನ್ನೂ ನೋಡಿಕೊಳ್ಳಿ. ‘ಫೈನಲ್ ಫೈನಲ್ 2’ ಅನ್ನುವ ಹೆಸರಿನ ಪಿಡಿಎಫ್ ಎಲ್ಲರ ಫೋನಿನಲ್ಲೂ ಹತ್ತು ಇರುತ್ತದೆ. ಸ್ಕ್ರಿಪ್ಟಿನ ಹೆಸರು, ನಿಮ್ಮ ಹೆಸರು ಎರಡೂ ಅಲ್ಲಿರಲಿ. ಹಾಗೇ ಫೈಲಿನ ಪ್ರಾಪರ್ಟೀಸ್‌ನಲ್ಲಿ ‘ಆಥರ್’ ಅನ್ನುವ ಜಾಗ ಇಣುಕಿ ನೋಡಿ. ನನ್ನದರಲ್ಲಿ ಚಿಕ್ಕಪ್ಪನ ಮಗನ ಹೆಸರಿತ್ತು! ಲ್ಯಾಪ್‌ಟಾಪ್ ಮೊದಲು ಅವನದಾಗಿತ್ತು.

ಕದ್ದರೆ?

ನಂಬರ್ ಹಾಕಿ ಅಂತ ಯಾರಿಗೆ ಹೇಳಿದರೂ ಬರುವ ಮುಂದಿನ ಪ್ರಶ್ನೆ ಇದು. ಮೊದಲ ಪುಟ ನಿಮ್ಮನ್ನು ಹುಡುಕಲು ಸಹಾಯ ಮಾಡುತ್ತದೆ, ಕಾವಲು ಕಾಯುವುದಿಲ್ಲ. ಕಾವಲಿಗೆ ಬೇರೆ ವ್ಯವಸ್ಥೆ ಇದೆ.

1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ನೀವು ಬರೆದ ಕ್ಷಣದಿಂದಲೇ ಆ ಬರಹದ ಹಕ್ಕು ಇರುತ್ತದೆ. ಬರೆದವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಅದು ನಡೆಯುತ್ತದೆ. ನೋಂದಣಿ ಕಡ್ಡಾಯವಲ್ಲ, ಆದರೆ ವಿವಾದ ಬಂದರೆ ಸಾಕ್ಷಿಯಾಗಿ ನಿಲ್ಲುತ್ತದೆ. ದೆಹಲಿಯಲ್ಲಿರುವ ಕಾಪಿರೈಟ್ ಕಚೇರಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಅರ್ಜಿ ಹಾಕಿದ ಮೇಲೆ ಆಕ್ಷೇಪಣೆಗಾಗಿ 30 ದಿನ ಕಾಯುತ್ತಾರೆ. ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ಗೆ ಸದಸ್ಯರಾದರೆ ಅಲ್ಲಿಯೂ ಸ್ಕ್ರಿಪ್ಟ್ ನೋಂದಾಯಿಸಬಹುದು.

ಒಂದು ವಿಷಯ ನೆನಪಿರಲಿ. ಬರೀ ಐಡಿಯಾಗೆ ಹಕ್ಕಿಲ್ಲ. ಆರ್.ಜಿ. ಆನಂದ್ ಅನ್ನುವ ನಾಟಕಕಾರರು ತಮ್ಮ ‘ಹಮ್ ಹಿಂದೂಸ್ತಾನಿ’ ನಾಟಕವನ್ನೇ ನಕಲು ಮಾಡಿ 1956ರ ‘ನ್ಯೂ ಡೆಲ್ಲಿ’ ಚಿತ್ರ ಮಾಡಿದ್ದಾರೆ ಅಂತ ಸುಪ್ರೀಂ ಕೋರ್ಟ್‌ವರೆಗೂ ಹೋದರು. ಎರಡರಲ್ಲೂ ಪ್ರಾಂತೀಯ ಭೇದದ ವಸ್ತುವೇ ಇತ್ತು. ಆದರೂ 1978ರಲ್ಲಿ ಕೋರ್ಟ್ ಅವರ ವಾದ ಒಪ್ಪಲಿಲ್ಲ. ವಸ್ತುವಿಗೆ ಹಕ್ಕಿಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಹಕ್ಕಿದೆ ಅಂದಿತು. ಹಾಗಾಗಿ ಒಂದು ಸಾಲಿನ ಕಥೆ ಹೇಳಿ ಬರುವುದಕ್ಕಿಂತ ದೃಶ್ಯ, ಸಂಭಾಷಣೆ ಸಮೇತ ಪೂರ್ತಿ ಬರೆದು, ನೋಂದಾಯಿಸಿ, ಆಮೇಲೆ ಹೊರಗೆ ಕೊಡುವುದು ಮೇಲು. ಯಾರಿಗೆ, ಯಾವತ್ತು ಕೊಟ್ಟೆ ಅಂತ ನಾನು ಒಂದು ಡೈರಿಯಲ್ಲಿ ಬರೆದಿಡುತ್ತೇನೆ. ಕೈಯಲ್ಲಿ ಕೊಟ್ಟರೂ ಅದೇ ದಿನ ಮೇಲ್‌ನಲ್ಲೂ ಕಳಿಸುತ್ತೇನೆ. ತಾರೀಖು ತಾನಾಗಿ ದಾಖಲಾಗುತ್ತದೆ.

ಆಮೇಲೇನಾಯಿತು?

ಗುಮಾಸ್ತನ ಸ್ಕ್ರಿಪ್ಟಿಗೆ ಹೊಸ ಮೊದಲ ಪುಟ ಬರೆದೆ. ಕೆಳಗೆ ಎಡಗಡೆ ಮೂರು ಸಾಲು. ಮೂರು ಕಡೆ ಕೊಟ್ಟೆ. ಏಳು ತಿಂಗಳು ಏನೂ ಇಲ್ಲ. ಅಮ್ಮ ವಾರಕ್ಕೊಮ್ಮೆ ಕೇಳುತ್ತಿದ್ದರು, “ಯಾರಾದ್ರೂ ಕೆಟ್ಟದಾಗಿ ಫೋನ್ ಮಾಡಿದ್ರಾ?” ಆ ನಂಬರಿಗೆ ಬಂದಿದ್ದು ಕ್ರೆಡಿಟ್ ಕಾರ್ಡಿನವರ ಎರಡು ಕರೆ, ಸೈಟ್ ಮಾರುವವರ ಒಂದು ಕರೆ ಅಷ್ಟೇ.

ಎಂಟನೇ ತಿಂಗಳು, ಒಂದು ಮಂಗಳವಾರ ಮೀಟಿಂಗ್‌ನಲ್ಲಿದ್ದಾಗ ಗೊತ್ತಿಲ್ಲದ ನಂಬರ್. ಅಭ್ಯಾಸಬಲದಿಂದ ಕಟ್ ಮಾಡಿದೆ. ಕಟ್ ಮಾಡಿದ ಮೇಲೆ ಅದು ಎರಡನೇ ಸಿಮ್‌ಗೆ ಬಂದ ಕರೆ ಅನ್ನುವುದು ಹೊಳೆದು, ಮೆಟ್ಟಿಲ ಹತ್ತಿರ ಓಡಿಹೋಗಿ ವಾಪಸ್ ಮಾಡಿದೆ. ಆ ಕಡೆ ಒಬ್ಬ ಮಹಿಳೆ. “ನಿಮ್ಮ ಸ್ಕ್ರಿಪ್ಟ್ ಓದಿದ್ವಿ. ಈಗ ನಮ್ಮ ಬಜೆಟ್‌ಗೆ ಆಗಲ್ಲ. ಆದರೆ ಸಂಭಾಷಣೆ ಇಷ್ಟ ಆಯ್ತು. ಒಂದು ವೆಬ್ ಸರಣಿ ಮಾಡ್ತಿದೀವಿ, ಎರಡು ಎಪಿಸೋಡ್ ಬರೆದು ತೋರಿಸ್ತೀರಾ?”

ಬರೆದುಕೊಟ್ಟೆ. ಒಂದನ್ನು ತೆಗೆದುಕೊಂಡಿದ್ದಾರೆ, ದುಡ್ಡೂ ಕೊಟ್ಟಿದ್ದಾರೆ. ಸರಣಿ ಯಾವಾಗ ಬರುತ್ತದೋ ಅವರಿಗೇ ಗೊತ್ತಿಲ್ಲ. ನನ್ನ ಗುಮಾಸ್ತ ಇನ್ನೂ ಪಿಡಿಎಫ್‌ನಲ್ಲೇ ಇದ್ದಾನೆ.

ಅಪ್ಪನಿಗೆ ಹೇಳಿದೆ, “ಚೀಲ ಇನ್ನೂ ಮಾರಾಟ ಆಗಿಲ್ಲ ಅಪ್ಪಾ.”

“ಮಾರ್ಕ್ ಇದೆ ತಾನೇ? ಮಾರಾಟ ಆಗದಿದ್ರೆ ವಾಪಸ್ ನಮ್ಮನೆಗೇ ಬರುತ್ತೆ ಬಿಡು. ಕಳೆದಂತೂ ಹೋಗಲ್ಲ” ಅಂದರು.

ನೀವೂ ಏನಾದರೂ ಬರೆದು ಎಲ್ಲಾದರೂ ಕೊಟ್ಟಿದ್ದೀರಾ? ಸಿನಿಮಾ ಸ್ಕ್ರಿಪ್ಟೇ ಆಗಬೇಕಿಲ್ಲ. ನಾಟಕ, ಕಿರುಚಿತ್ರ, ಕಥೆಯ ಹಸ್ತಪ್ರತಿ, ಯಾವುದಾದರೂ ಸರಿ. ಈ ಲೇಖನ ಓದುತ್ತಿರುವ ಫೋನಿನಲ್ಲೇ ಆ ಫೈಲನ್ನು ತೆರೆದು ಮೊದಲ ಪುಟ ನೋಡಿ. ನಿಮ್ಮ ಪರಿಚಯವೇ ಇಲ್ಲದ ಒಬ್ಬರು ಅದನ್ನು ಓದಿ ಮೆಚ್ಚಿದರೆ, ಆ ಒಂದು ಪುಟದಿಂದಲೇ ಅವರು ನಿಮ್ಮನ್ನು ತಲುಪಬಹುದಾ? ಆಗದು ಅಂತಾದರೆ, ಇವತ್ತು ರಾತ್ರಿ ಹತ್ತು ನಿಮಿಷದ ಕೆಲಸ ನಿಮಗಿದೆ.